ಏಳು ಸಾವಿರ ದ್ವೀಪಗಳ ಕಂಠಸಿರಿ

ಮನಿಲಾ ನಗರದ ಸಾಧಾರಣ ಬಡಾವಣೆಯೊಂದರಲ್ಲಿ ಯಾರದೋ ಹುಟ್ಟುಹಬ್ಬ ನಡೆಯುತ್ತಿದೆ ಎಂದು ತಿಳಿಯಲು ಕಣ್ಣು ಬೇಕಿಲ್ಲ, ಕಿವಿ ಸಾಕು. ಓಣಿಗೆ ಅಡ್ಡಲಾಗಿ ಟಾರ್ಪಾಲು, ಅದರ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ದೀರ್ಘಾಯುಷ್ಯದ ಸಂಕೇತವೆಂದು ಬಡಿಸುವ ಶ್ಯಾವಿಗೆಯಂಥ ಪನ್ಸಿತ್. ಎಲ್ಲಕ್ಕೂ ನಡುವೆ ದೇವರ ಮಂಟಪದಂತೆ ಪ್ರತಿಷ್ಠಾಪಿತವಾದ ಒಂದು ಎತ್ತರದ ಪೆಟ್ಟಿಗೆ. ಮೇಲೆ ಪರದೆ, ಕೆಳಗೆ ಸ್ಪೀಕರು, ಬದಿಯಲ್ಲಿ ಐದು ಪೆಸೊ ನಾಣ್ಯ ಹಾಕುವ ಸೀಳು. ಇದರ ಹೆಸರು ವಿಡಿಯೋಕೆ. ದಿನದ ಬಾಡಿಗೆಗೆ ಸಿಗುವ ಈ ಯಂತ್ರದ ಮುಂದೆ ಅಜ್ಜಿ, ಟ್ರೈಸಿಕಲ್ ಚಾಲಕ, ಶಾಲೆಯ ಮೇಡಂ, ಹತ್ತು ವರ್ಷದ ಪೋರ, ಎಲ್ಲರೂ ಸರದಿಯಂತೆ ಮೈಕು ಹಿಡಿಯುತ್ತಾರೆ. ಹಾಡು ಮುಗಿದೊಡನೆ ಪರದೆಯ ಮೇಲೆ ನೂರಕ್ಕೆ ಇಷ್ಟು ಎಂದು ಅಂಕ ಮೂಡುತ್ತದೆ. ಯಂತ್ರದ ಸಂಗೀತಜ್ಞಾನದ ಬಗ್ಗೆ ಯಾರಿಗೂ ಭ್ರಮೆಯಿಲ್ಲ. ಕಿರುಚಿದವರಿಗೂ ತೊಂಬತ್ತು ಬರುವುದುಂಟು. ಆದರೂ ಅಂಕ ಬಂದಾಗ ಓಣಿಯೆಲ್ಲ ಕರತಾಡನ.

ಫಿಲಿಪ್ಪೀನ್ಸ್ ಎಂದರೆ 7,641 ದ್ವೀಪಗಳ ಸಮೂಹ, ನೂರೈವತ್ತಕ್ಕೂ ಹೆಚ್ಚು ಭಾಷೆಗಳ ನಾಡು. ಮೂರು ಶತಮಾನಕ್ಕೂ ಮೀರಿದ ಸ್ಪೇನಿನ ಆಳ್ವಿಕೆ, ಸುಮಾರು ಅರ್ಧ ಶತಮಾನದ ಅಮೆರಿಕದ ಪ್ರಭುತ್ವ, ನಡುವೆ ಜಪಾನಿನ ಆಕ್ರಮಣ. ಬಂದವರೆಲ್ಲ ತಮ್ಮ ತಮ್ಮ ವಾದ್ಯ, ರಾಗ, ಲಯಗಳನ್ನು ಬಿಟ್ಟುಹೋದರು. ಹೊರಗಿನ ವಿಮರ್ಶಕರು ಈ ಜನರನ್ನು ಬಹುಕಾಲ ‘ಉತ್ತಮ ಅನುಕರಣಕಾರರು’ ಎಂದೇ ಕರೆದು ಕೈತೊಳೆದುಕೊಂಡರು. ಅದು ಅರ್ಧ ಪ್ರಶಂಸೆ, ಅರ್ಧ ಅವಹೇಳನ, ಪೂರ್ತಿ ತಪ್ಪು. ಬಂದ ಪಾತ್ರೆ ಯಾರದ್ದಾದರೂ ಅದರಲ್ಲಿ ತುಂಬಿದ ರಸ ತಮ್ಮದೇ ಆಗುವಂತೆ ನೋಡಿಕೊಳ್ಳುವ ಅಸಾಧಾರಣ ಪ್ರತಿಭೆ ಫಿಲಿಪಿನೊ ಸಂಗೀತದ ಜೀವಾಳ. ಅದಕ್ಕಿಂತ ಹಿರಿದಾದ ಇನ್ನೊಂದು ಗುಣವೂ ಇದೆ. ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ಗೆರೆ ಆ ಸಮಾಜದಲ್ಲಿ ಎಂದೂ ಗಾಢವಾಗಿ ಬೀಳಲೇ ಇಲ್ಲ.

ವಿಡಿಯೋಕೆಯ ಕಥೆಯನ್ನೇ ನೋಡಬಹುದು. ಕರೋಕೆ ಎಂದೊಡನೆ ಜಗತ್ತು ಜಪಾನನ್ನು ನೆನೆಯುತ್ತದೆ. 1971ರಲ್ಲಿ ಕೋಬೆ ನಗರದ ದೈಸುಕೆ ಇನೋಉಯೆ ಅಂಥದೊಂದು ಯಂತ್ರವನ್ನು ರೂಪಿಸಿದ್ದು ನಿಜ. ಆದರೆ ಅವರು ಪೇಟೆಂಟ್ ಪಡೆಯಲಿಲ್ಲ. ಪಡೆದವರು ಫಿಲಿಪ್ಪೀನ್ಸಿನ ರೊಬೆರ್ತೊ ದೆಲ್ ರೊಸಾರಿಯೊ. ಟೇಪ್, ಧ್ವನಿವರ್ಧಕ, ಮೈಕಿನ ಪ್ರತಿಧ್ವನಿ ವ್ಯವಸ್ಥೆಗಳನ್ನೆಲ್ಲ ಒಂದೇ ಪೆಟ್ಟಿಗೆಯೊಳಗೆ ಅಡಕಗೊಳಿಸಿದ ತಮ್ಮ ‘ಸಿಂಗ್ ಅಲಾಂಗ್ ಸಿಸ್ಟಂ’ಗೆ 1983 ಮತ್ತು 1986ರಲ್ಲಿ ಅವರು ಹಕ್ಕುಪತ್ರ ಪಡೆದರು. ಅಂಥದೇ ಯಂತ್ರ ಮಾರುತ್ತಿದ್ದ ಕಂಪನಿಯೊಂದರ ಮೇಲೆ ಅವರು ಹೂಡಿದ ದಾವೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1996ರಲ್ಲಿ ತಡೆಯಾಜ್ಞೆಯ ಪ್ರಶ್ನೆಯಲ್ಲಿ ತೀರ್ಪು ಅವರ ಪರವಾಗಿ ಬಂತು. ಹಾಡುವ ಪೆಟ್ಟಿಗೆಯೊಂದು ಸರ್ವೋಚ್ಚ ನ್ಯಾಯಪೀಠದ ಮುಂದೆ ನಿಂತ ಪ್ರಸಂಗ ಬೇರೆಲ್ಲಿಗಿಂತ ಆ ನಾಡಿಗೇ ಹೆಚ್ಚು ಒಪ್ಪುತ್ತದೆ!

ಫ್ರಾಂಕ್ ಸಿನಾತ್ರಾ ಪ್ರಸಿದ್ಧಗೊಳಿಸಿದ ‘ಮೈ ವೇ’ ಹಾಡನ್ನು ಈ ಯಂತ್ರದ ಮುಂದೆ ಕೆಟ್ಟದಾಗಿ ಹಾಡಿದ್ದಕ್ಕೆ ಜಗಳವಾಗಿ ಕೊಲೆಗಳೇ ನಡೆದವೆಂಬ ವರದಿಗಳನ್ನು ಜಗತ್ತಿನ ಪತ್ರಿಕೆಗಳು ಚಪ್ಪರಿಸಿ ಪ್ರಕಟಿಸಿದವು. ಕೆಲವು ಬಾರುಗಳು ಆ ಹಾಡನ್ನು ಪಟ್ಟಿಯಿಂದಲೇ ತೆಗೆದವು. ಮದ್ಯ, ಮಧ್ಯರಾತ್ರಿ ಮತ್ತು ಮೈಕು ಒಂದೆಡೆ ಸೇರಿದಾಗ ನಡೆಯುವ ಅನಾಹುತಕ್ಕೆ ಹಾಡನ್ನು ಹೊಣೆ ಮಾಡುವುದು ರೋಚಕವೇ ಹೊರತು ವಿವೇಕವಲ್ಲ. ಊರಿನ ಆಡಳಿತಗಳು ಹೆಚ್ಚು ಪ್ರಾಯೋಗಿಕ. ರಾತ್ರಿ ಹತ್ತರ ನಂತರ ವಿಡಿಯೋಕೆ ಕೂಡದೆಂದು ಅನೇಕ ಕಡೆ ನಿಯಮವಿದೆ.

ಈ ಕಂಠದ ಬೇರು ಹುಡುಕಲು ದಕ್ಷಿಣದ ಮಿಂದನಾವೊ ದ್ವೀಪಕ್ಕೆ ಹೋಗಬೇಕು. ಸ್ಪೇನಿನ ಅಧಿಕಾರ ಎಂದೂ ಪೂರ್ಣವಾಗಿ ಹಿಡಿಯಲಾಗದ ಆ ಮುಸ್ಲಿಂ ಸುಲ್ತಾನರ ಸೀಮೆಯಲ್ಲಿ ಮಾಗಿಂದನಾವೊ ಮತ್ತು ಮರನಾವೊ ಜನರ ಕುಲಿಂತಾಂಗ್ ಇಂದಿಗೂ ನುಡಿಯುತ್ತದೆ. ನಡುವೆ ಉಬ್ಬಿರುವ ಎಂಟು ಜಾಗಟೆಗಳನ್ನು ಮರದ ಚೌಕಟ್ಟಿನ ಮೇಲೆ ಸಾಲಾಗಿ ಮಲಗಿಸಿ, ಎರಡು ಮೆತ್ತನೆಯ ಕೋಲುಗಳಿಂದ ನುಡಿಸುವ ವಾದ್ಯವಿದು. ಜೊತೆಗೆ ಮಂದ್ರಧ್ವನಿಯ ಭಾರೀ ಅಗುಂಗ್, ತೂಗುಹಾಕಿದ ನಾಲ್ಕು ಗಂದಿಂಗಾನ್, ತಾಳ ಹಿಡಿಯುವ ಬಬಂದಿಲ್, ಪಾನಪಾತ್ರೆಯ ಆಕಾರದ ದಬಕಾನ್ ಎಂಬ ಚರ್ಮವಾದ್ಯ. ಶ್ರುತಿಗೆ ಇಲ್ಲಿ ಏಕರೂಪದ ಕಟ್ಟಳೆಯಿಲ್ಲ, ಒಂದು ಮನೆಯ ಜಾಗಟೆಗಳ ಸ್ವರ ಮತ್ತೊಂದು ಮನೆಯದಕ್ಕೆ ಹೊಂದುವುದಿಲ್ಲ. ಕೃತಿಯನ್ನು ಗುರುತಿಸುವುದು ಮುಖ್ಯವಾಗಿ ಲಯದಿಂದ. ಮಾಗಿಂದನಾವೊ ಸಮಾಜದಲ್ಲಿ ಕುಲಿಂತಾಂಗ್ ಸಾಂಪ್ರದಾಯಿಕವಾಗಿ ಸ್ತ್ರೀಯರ ವಾದ್ಯ. ಮದುವೆ, ಅತಿಥಿಸತ್ಕಾರ, ಹಬ್ಬಗಳಲ್ಲಿ ಯುವತಿಯರು ತಮ್ಮ ಕೈಚಳಕ ಮೆರೆಯುತ್ತಿದ್ದರು, ಯುವಕರು ಅಗುಂಗಿನ ಮೇಲೆ ತಮ್ಮ ತೋಳ್ಬಲ ತೋರುತ್ತಿದ್ದರು. ಬಹಿರಂಗವಾಗಿ ಮಾತನಾಡಲು ಸಂಕೋಚವಿದ್ದ ಸಮಾಜದಲ್ಲಿ ಅದೊಂದು ಸಭ್ಯವಾದ ಸಂವಾದ.

ಗಂದಿಂಗಾನ್ ಅಂತೂ ಅಕ್ಷರಶಃ ಮಾತನಾಡುವ ವಾದ್ಯ. ಮಾಗಿಂದನಾವೊ ನುಡಿಯ ಏರಿಳಿತವನ್ನೇ ನಾಲ್ಕು ಜಾಗಟೆಗಳ ಮೇಲೆ ಹೊಮ್ಮಿಸಿ ದೂರದವರಿಗೆ ಸಂದೇಶ ಕಳುಹಿಸುವ ಕಲೆ ಅವರಲ್ಲಿತ್ತು: ಅಪಾಯದ ಎಚ್ಚರಿಕೆ, ಬಾ ಎಂಬ ಕರೆ, ಪ್ರೇಮಿಗಳ ಗುಟ್ಟು. ಗುಟ್ಟು ಇಡೀ ಊರಿಗೆ ಕೇಳುತ್ತಿತ್ತು ಎಂಬುದು ಬೇರೆ ಮಾತು.

ಕನ್ನಡದ ಓದುಗರಿಗೆ ಆಪ್ತವೆನಿಸುವ ಸಂಗತಿಯೊಂದು ಇದೇ ಸೀಮೆಯಲ್ಲಿದೆ. ಮರನಾವೊ ಜನರಲ್ಲಿ ರಾಮಾಯಣದ ಪಾಠಾಂತರವೊಂದು ‘ಮಹಾರಾದಿಯಾ ಲವಾನ’ ಎಂಬ ಹೆಸರಿನಲ್ಲಿ ಉಳಿದುಬಂದಿದ್ದು, ಭಾರತವಿದ್ಯಾ ವಿದ್ವಾಂಸ ಹುವಾನ್ ಫ್ರಾನ್ಸಿಸ್ಕೊ ಅದನ್ನು 1969ರಲ್ಲಿ ಪ್ರಕಟಿಸಿದರು. ಲವಾನ ನಮ್ಮ ರಾವಣನೇ. ಅಲ್ಲಿ ರಾಮ ರಾದಿಯಾ ಮಂಗಂದಿರಿ ಆಗಿದ್ದಾನೆ. ಲಕ್ಸಮಾನ ಎಂಬ ಹೆಸರು ವಾನರವೀರನಿಗೆ ಸಂದಿದೆ! ಮರನಾವೊ ಜನರ ಸ್ವಂತ ಮಹಾಕಾವ್ಯ ‘ದರಾಂಗೆನ್’ ಬೇರೆ. ಹಾಡಿಯೇ ಕೇಳಿಸಬೇಕಾದ ಆ ಕೃತಿಯನ್ನೂ ಉತ್ತರದ ಇಫುಗಾವೊ ಪರ್ವತಗಳ ‘ಹುದ್ಹುದ್’ ಗೀತಗಳನ್ನೂ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹುದ್ಹುದ್ ಹಾಡುವುದು ಸುಗ್ಗಿಯಲ್ಲಿ, ಬಿತ್ತನೆಯಲ್ಲಿ, ಶವದ ಬಳಿಯ ಜಾಗರಣೆಯಲ್ಲಿ. ಮುಂಚೂಣಿಯ ಕಂಠ ಬಹುತೇಕ ವೃದ್ಧೆಯದು, ಉಳಿದವರು ಸೊಲ್ಲು ಸೇರಿಸುತ್ತಾರೆ.

ಉತ್ತರ ಮತ್ತು ಮಧ್ಯದ ದ್ವೀಪಗಳಿಗೆ ಸ್ಪೇನಿನವರು ಶಿಲುಬೆಯೊಂದಿಗೆ ಗಿಟಾರನ್ನೂ ತಂದರು. ಮನಿಲಾ ಸಮೀಪದ ಲಾಸ್ ಪಿನ್ಯಾಸ್‌ನ ಚರ್ಚಿನಲ್ಲಿ ಆ ಸಂಗಮದ ಭವ್ಯತಮ ಸ್ಮಾರಕವಿದೆ. ಪಾದ್ರಿ ದಿಯೇಗೊ ಸೇರಾ 1816ರಲ್ಲಿ ಪೈಪ್ ಆರ್ಗನ್ ಒಂದನ್ನು ಕಟ್ಟಲಾರಂಭಿಸಿದಾಗ ಯುರೋಪಿನ ಲೋಹದ ಕೊಳವೆಗಳ ಬದಲಿಗೆ ಸ್ಥಳೀಯ ಬಿದಿರನ್ನು ಆಯ್ದುಕೊಂಡರು. ಹುಳು ಹಿಡಿಯದಿರಲೆಂದು ಬಿದಿರನ್ನು ಸಮುದ್ರತೀರದ ಮರಳಿನಲ್ಲಿ ಹೂತು ತಿಂಗಳುಗಟ್ಟಲೆ ಹದಗೊಳಿಸಿದರು. 1824ರಲ್ಲಿ ಪೂರ್ಣಗೊಂಡ ಈ ಮಹಾವಾದ್ಯದ 1,031 ಕೊಳವೆಗಳಲ್ಲಿ 902 ಬಿದಿರಿನವು, ಬಿದಿರಿನಲ್ಲಿ ಬಾರದ ತುತ್ತೂರಿಯ ನಾದಕ್ಕಾಗಿ ಉಳಿದ 129 ಮಾತ್ರ ಲೋಹದವು. ಭೂಕಂಪ, ಚಂಡಮಾರುತಗಳ ಹೊಡೆತಕ್ಕೆ ಸಿಕ್ಕು ಮೌನವಾಗಿದ್ದ ಅದನ್ನು 1973ರಲ್ಲಿ ಜರ್ಮನಿಯ ಬಾನ್ ನಗರದ ಕ್ಲಾಯಿಸ್ ಕಾರ್ಯಾಗಾರಕ್ಕೆ ಒಯ್ದು ದುರಸ್ತಿ ಮಾಡಿಸಿ 1975ರಲ್ಲಿ ಮರಳಿ ತರಲಾಯಿತು. ಮರುವರ್ಷ ಆರಂಭವಾದ ಅಂತರರಾಷ್ಟ್ರೀಯ ಉತ್ಸವ ಇಂದಿಗೂ ನಡೆಯುತ್ತಿದೆ. ಇದನ್ನು ಬರಿಯ ಮ್ಯೂಸಿಯಂ ವಸ್ತುವೆಂದು ಭಾವಿಸಬಾರದು. ಪೂಜಾವಿಧಿಗಳಲ್ಲಿ ನುಡಿಯುವ ಜೀವಂತ ವಾದ್ಯವಿದು.

ಸ್ಪೇನಿನ ತಂತಿವಾದ್ಯಗಳು ಕೂಡಿ ರೊಂಡಾಲ್ಯಾ ಎಂಬ ವೃಂದವಾದವು. ಅದರಲ್ಲಿನ ಫಿಲಿಪಿನೊ ಬಾಂದುರ್ರಿಯಾ ವಾದ್ಯಕ್ಕೆ 14 ತಂತಿ, ಸ್ಪೇನಿನ ಮೂಲವಾದ್ಯಕ್ಕಿಂತ ಎರಡು ಹೆಚ್ಚು. ಗಿಟಾರ್ ತಯಾರಿಕೆಯಂತೂ ಸೆಬು ಬಳಿಯ ಮಕ್ತಾನ್ ದ್ವೀಪದಲ್ಲಿ ಮನೆಮನೆಯ ಕಸುಬಾಯಿತು. ಸೈನ್ಯದ ಬ್ಯಾಂಡುಗಳಿಂದ ಕಲಿತ ಊರಿನವರು ಪ್ರತಿ ಪಟ್ಟಣಕ್ಕೂ ಒಂದು ಹಿತ್ತಾಳೆ ವಾದ್ಯಮೇಳ ಕಟ್ಟಿದರು. ಗ್ರಾಮದೇವತೆಯಂತೆ ಪ್ರತಿ ಊರಿಗೂ ಇರುವ ಸಂತನ ಫಿಯೆಸ್ತಾ ಜಾತ್ರೆ ಆ ಮೇಳವಿಲ್ಲದೆ ಕಳೆಗಟ್ಟುವುದಿಲ್ಲ. ಈ ಶಿಸ್ತು ಯಾವ ಮಟ್ಟ ಮುಟ್ಟಿತೆಂದರೆ, 1909ರಲ್ಲಿ ಅಮೆರಿಕದ ಅಧ್ಯಕ್ಷ ಟಾಫ್ಟ್ ಅಧಿಕಾರ ಸ್ವೀಕರಿಸಿದಾಗ ವಾಷಿಂಗ್ಟನ್ನಿನ ಮೆರವಣಿಗೆಯಲ್ಲಿ ನುಡಿಸಿದ್ದು ಫಿಲಿಪ್ಪೀನ್ ಕಾನ್‌ಸ್ಟಾಬ್ಯುಲರಿ ಬ್ಯಾಂಡ್.

ಆದರೆ ನಿತ್ಯಜೀವನದ ಹಾಡನ್ನು ಅರಿಯಲು ಬ್ಯಾಂಡಿಗಿಂತ ‘ಪಬಾಸಾ’ ಮುಖ್ಯ ಎಂಬುದು ಈ ಲೇಖಕನ ಎಣಿಕೆ. ಈಸ್ಟರ್ ಮುಂಚಿನ ಪವಿತ್ರ ವಾರದಲ್ಲಿ ಮನೆಯಂಗಳದಲ್ಲೋ ಬೀದಿಯ ಚಪ್ಪರದಲ್ಲೋ ವೇದಿಕೆ ಕಟ್ಟಿ, ಕ್ರಿಸ್ತನ ಯಾತನೆಯ ಕಥೆಯಾದ ‘ಪಸ್ಯೋನ್’ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಹಾಡುತ್ತಾರೆ. ಎಂಟೆಂಟು ಅಕ್ಷರಗಳ ಐದೈದು ಸಾಲಿನ ಪದ್ಯಗಳು. ಒಂದು ತಂಡ ದಣಿದರೆ ಮತ್ತೊಂದು ತಂಡ. ಆತಿಥೇಯರು ಹಾಡುವವರಿಗೆಲ್ಲ ಊಟ, ಕಾಫಿ ಒದಗಿಸಬೇಕು. ನಮ್ಮ ಅಖಂಡ ಭಜನೆಯ ಬೆಳಗಿನ ಜಾವದ ಒಡೆದ ಕಂಠಗಳನ್ನು ಕೇಳಿದವರಿಗೆ ಇದರ ಸೊಗಸು ಸುಲಭವಾಗಿ ದಕ್ಕುತ್ತದೆ. 18ನೇ ಶತಮಾನದ ಆರಂಭದಲ್ಲಿ ಗಾಸ್ಪಾರ್ ಅಕಿನೊ ದೆ ಬೆಲೆನ್ ತಗಾಲೋಗ್ ಭಾಷೆಯಲ್ಲಿ ರಚಿಸಿದ ಕೃತಿ ಈ ಪರಂಪರೆಯ ಮೊದಲ ಮೈಲಿಗಲ್ಲು. ಇತಿಹಾಸಕಾರ ರೆನಾಲ್ಡೊ ಇಲೆತೊ 1979ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮಂಡಿಸಿದ ವಾದ ಇನ್ನೂ ಮುಂದೆ ಹೋಗುತ್ತದೆ: ಅನ್ಯಾಯ, ತ್ಯಾಗ, ಪುನರುತ್ಥಾನಗಳ ಈ ಹಾಡುಗಬ್ಬವೇ ಬಡ ರೈತರಿಗೆ ವಸಾಹತುಶಾಹಿಯ ವಿರುದ್ಧ ಬಂಡೇಳುವ ಭಾಷೆಯನ್ನು ಒದಗಿಸಿತು. ಆಳುವವರು ವಿಧೇಯತೆ ಕಲಿಸಲು ಕೊಟ್ಟ ಹಾಡಿನಿಂದ ಆಳಿಸಿಕೊಂಡವರು ಬಿಡುಗಡೆಯ ಪಾಠ ಕಲಿತರು.

ಅದೇ ಚಮತ್ಕಾರ ಕುಂಡಿಮಾನ್ ಎಂಬ ಪ್ರೇಮಗೀತದಲ್ಲೂ ನಡೆಯಿತು. ಮೂರು ಎಣಿಕೆಯ ತೂಗುನಡೆ, ವಿಷಾದದ ಮೈನರ್ ಶ್ರುತಿಯಲ್ಲಿ ತೊಡಗಿ ಮೇಜರ್‌ಗೆ ಏರುವ ವಿನ್ಯಾಸ, ಪ್ರೇಯಸಿಗೆ ಸರ್ವಸ್ವವನ್ನೂ ಅರ್ಪಿಸುವ ಭಾವ. ಆ ಪ್ರೇಯಸಿ ಮಾತೃಭೂಮಿಯೂ ಆಗಬಲ್ಲಳೆಂಬುದು ಕೇಳುಗರಿಗೆ ತಿಳಿದಿತ್ತು. ಫ್ರಾನ್ಸಿಸ್ಕೊ ಸಾಂತಿಯಾಗೊ ಮತ್ತು ಕೇವಲ 41 ವರ್ಷ ಬಾಳಿದ ನಿಕಾನೊರ್ ಅಬೆಲಾರ್ದೊ ಈ ಜನಪದ ರೂಪವನ್ನು ಸಂಗೀತಸಭೆಯ ಘನತೆಗೇರಿಸಿದರು. ಇಪ್ಪತ್ತರ ದಶಕದ ಕೊನೆಗೆ ಕವಿ ಹೊಸೆ ಕೊರಾಸೊನ್ ದೆ ಹೆಸುಸ್ ಸಾಹಿತ್ಯಕ್ಕೆ ಕೊನ್ಸ್ತಾನ್ಸಿಯೊ ದೆ ಗುಸ್ಮಾನ್ ಸ್ವರ ಹಾಕಿದ ‘ಬಾಯಾನ್ ಕೊ’ ಮೊದಲು ಅಮೆರಿಕದ ಆಳ್ವಿಕೆಯನ್ನು ಕುಟುಕಿತು. ಅರ್ಧ ಶತಮಾನ ಕಳೆದು ಅಧ್ಯಕ್ಷ ಮಾರ್ಕೋಸ್ ಅವರ ಸರ್ವಾಧಿಕಾರದ ಎದುರು ಮತ್ತೆ ಎದ್ದು ನಿಂತಿತು. 1986ರ ಫೆಬ್ರವರಿಯಲ್ಲಿ ಲಕ್ಷಾಂತರ ಜನ ಮನಿಲಾದ ಎಡ್ಸಾ ಹೆದ್ದಾರಿಗೆ ಇಳಿದಾಗ ಅವರ ಬಾಯಲ್ಲಿದ್ದ ಹಾಡು ಇದು.

ಸ್ಪೇನಿನವರು ತಂದ ಗಿಟಾರು ರಾತ್ರಿಯ ಹೊತ್ತು ‘ಹರಾನಾ’ ಆಗುತ್ತಿತ್ತು. ಯುವಕ ಗೆಳೆಯರೊಂದಿಗೆ ಹುಡುಗಿಯ ಮನೆಯ ಕಿಟಕಿಯ ಕೆಳಗೆ ನಿಂತು ಹಾಡುವುದು. ಕಿಟಕಿ ತೆರೆಯಲು ಬೇಡುವ ಹಾಡು, ಪ್ರೇಮನಿವೇದನೆಯ ಹಾಡು, ವಿದಾಯದ ಹಾಡು ಎಂದು ಅದಕ್ಕೊಂದು ಕ್ರಮವಿತ್ತು. ಮೊಬೈಲ್ ಸಂದೇಶದ ಕಾಲದಲ್ಲಿ ಹರಾನಾ ಬಹುತೇಕ ನೆನಪಾಗಿದೆ. ಗಿಟಾರ್ ವಾದಕ ಫ್ಲೊರಾಂತೆ ಅಗಿಲಾರ್ ಹಳೆಯ ಗಾಯಕರನ್ನು ಹುಡುಕಿ ಹೊರಟ ಕಥೆ 2012ರಲ್ಲಿ ಸಾಕ್ಷ್ಯಚಿತ್ರವಾಯಿತು.

ಎಪ್ಪತ್ತರ ದಶಕವನ್ನು ಫಿಲಿಪಿನೊ ಜನಪ್ರಿಯ ಸಂಗೀತದ ವಸಂತವೆಂದು ಕರೆಯಬಹುದು. ಅಲ್ಲಿಯವರೆಗೆ ರೇಡಿಯೋದಲ್ಲಿ ಇಂಗ್ಲಿಷ್ ಹಾಡಿನದೇ ಪಾರಮ್ಯ. ಹುವಾನ್ ದೆ ಲಾ ಕ್ರೂಸ್ ಬ್ಯಾಂಡ್ ರಾಕ್ ಸಂಗೀತಕ್ಕೆ ತಗಾಲೋಗ್ ನಾಲಿಗೆ ಕೊಟ್ಟಿತು. ಹಾಟ್‌ಡಾಗ್ ತಂಡ ಇಂಗ್ಲಿಷ್-ತಗಾಲೋಗ್ ಬೆರೆಸಿದ ಬೀದಿಮಾತನ್ನೇ ಹಾಡಾಗಿಸಿ ‘ಮನಿಲಾ ಸೌಂಡ್’ ಹುಟ್ಟುಹಾಕಿತು. 1978ರಲ್ಲಿ ಮನಿಲಾದ ಗೀತಸ್ಪರ್ಧೆಯೊಂದರ ಅಂತಿಮ ಸುತ್ತು ತಲುಪಿದ ಫ್ರೆಡ್ಡಿ ಅಗಿಲಾರ್ ಅವರ ‘ಅನಾಕ್’ ಬಹುಮಾನ ಗೆಲ್ಲಲಿಲ್ಲ. ಗೆದ್ದ ಕೃತಿ ರಯಾನ್ ಕಯಾಬ್ಯಾಬ್ ಅವರದು. ಆದರೆ ದಾರಿ ತಪ್ಪಿದ ಮಗ ಮತ್ತು ಕಣ್ಣೀರಿಡುವ ಹೆತ್ತವರ ಆ ಹಾಡು ಹತ್ತಾರು ಭಾಷೆಗಳಲ್ಲಿ ಮರುಹುಟ್ಟು ಪಡೆಯಿತು. ಒಬ್ಬ ಗಾಯಕ, ಒಂದು ಗಿಟಾರು, ಎಲ್ಲ ಮನೆಗಳ ಕಥೆ; ತೀರ್ಪುಗಾರರು ಆಗಾಗ ಇಂಥ ಸರಳ ವಸ್ತುವನ್ನೇ ಕಾಣದೆ ಹೋಗುತ್ತಾರೆ. 1987ರ ಜುಲೈಯಲ್ಲಿ ಅಧ್ಯಕ್ಷೆ ಕೊರಾಸೊನ್ ಅಕಿನೊ ಹೊರಡಿಸಿದ ಆಜ್ಞೆಯಂತೆ ಸಂಗೀತ ಪ್ರಸಾರ ಮಾಡುವ ಪ್ರತಿ ರೇಡಿಯೋ ಕೇಂದ್ರ ಗಂಟೆಗೆ ಕನಿಷ್ಠ ನಾಲ್ಕು ಸ್ವದೇಶಿ ರಚನೆಗಳನ್ನು ಕೇಳಿಸಬೇಕಾಯಿತು. ‘ಓಪಿಎಂ’, ಅಂದರೆ ಒರಿಜಿನಲ್ ಪಿಲಿಪಿನೊ ಮ್ಯೂಸಿಕ್ ಎಂಬ ಹೆಸರು ಮನೆಮಾತಾಯಿತು. ತೊಂಬತ್ತರ ದಶಕದಲ್ಲಿ ಇರೇಸರ್‌ಹೆಡ್ಸ್ ತಂಡ ಕಾಲೇಜು ಹುಡುಗರ ದಿನಚರಿಯನ್ನು ಹಾಡಿ ಒಂದು ತಲೆಮಾರನ್ನೇ ಗೆದ್ದುಕೊಂಡಿತು.

ಸಂಗೀತಗಾರರ ವಲಸೆಯೂ ಈ ಚರಿತ್ರೆಯ ಭಾಗ. ಹಾಂಗ್‌ಕಾಂಗ್‌ನಿಂದ ದುಬೈವರೆಗೆ ಹೋಟೆಲಿನ ಲಾಬಿಯಲ್ಲಿ, ವಿಹಾರನೌಕೆಗಳಲ್ಲಿ ಹಾಡುವ ಬ್ಯಾಂಡುಗಳಲ್ಲಿ ಫಿಲಿಪಿನೊ ಮುಖಗಳು ಸರ್ವೇಸಾಮಾನ್ಯ. ಗಾಯಕಿ ಲಿಯಾ ಸಲೊಂಗಾ 1989ರಲ್ಲಿ ಲಂಡನ್ನಿನ ‘ಮಿಸ್ ಸೈಗಾನ್’ ರಂಗಪ್ರಯೋಗದ ನಾಯಕಿಯಾಗಿ, 1991ರಲ್ಲಿ ಅದೇ ಪಾತ್ರಕ್ಕೆ ಅಮೆರಿಕದ ಟೋನಿ ಪ್ರಶಸ್ತಿ ಪಡೆದರು. ಬಾಲ್ಯದಲ್ಲಿ ಬೀದಿಯಲ್ಲಿ ಮಲಗಿದ್ದ ಆರ್ನೆಲ್ ಪಿನೆಡಾ ಹಾಡಿದ ವಿಡಿಯೋಗಳನ್ನು ಯೂಟ್ಯೂಬಿನಲ್ಲಿ ಕಂಡ ಅಮೆರಿಕದ ‘ಜರ್ನಿ’ ತಂಡ 2007ರಲ್ಲಿ ಅವರನ್ನು ಮುಖ್ಯ ಗಾಯಕನನ್ನಾಗಿ ಆರಿಸಿಕೊಂಡಿತು. ವೃಂದಗಾಯನದಲ್ಲಿ ಫಿಲಿಪ್ಪೀನ್ ಮ್ಯಾಡ್ರಿಗಲ್ ಸಿಂಗರ್ಸ್ ತಂಡದ್ದು ಇನ್ನೂ ದೊಡ್ಡ ಸಾಧನೆ: ಯುರೋಪಿಯನ್ ಗ್ರ್ಯಾಂಡ್ ಪ್ರಿ ಪುರಸ್ಕಾರವನ್ನು 1997 ಮತ್ತು 2007ರಲ್ಲಿ ಎರಡು ಬಾರಿ ಗೆದ್ದ ಮೊದಲ ತಂಡವದು. ಅರ್ಧಚಂದ್ರಾಕಾರದಲ್ಲಿ ಕುಳಿತು, ಎದುರಿಗೆ ನಿರ್ದೇಶಕರಿಲ್ಲದೆ ಹಾಡುವುದು ಅವರ ಮುದ್ರೆ.

ವರ್ತಮಾನದ ಚಿತ್ರ ಬಹುವರ್ಣದ್ದು. ಕ್ರಿಸ್‌ಮಸ್ ಗೀತಗಳು ಸೆಪ್ಟೆಂಬರಿನಲ್ಲೇ ಅಂಗಡಿಗಳಲ್ಲಿ ಮೊಳಗತೊಡಗುತ್ತವೆ, ಗಾಯಕ ಹೊಸೆ ಮಾರಿ ಚಾನ್ ಅವರ 1990ರ ಹಾಡಿನ ಸಮೇತ. ಡಿಸೆಂಬರಿನಲ್ಲಿ ಮಕ್ಕಳು ಚಪ್ಪಟೆಯಾಗಿಸಿದ ಬಾಟಲಿ ಮುಚ್ಚಳಗಳ ತಾಳ ಹಿಡಿದು ಮನೆಮನೆಗೆ ಹಾಡಲು ಬರುತ್ತಾರೆ. 1924ರಲ್ಲಿ ಮನಿಲಾದ ಕವಿಗಳು ಆರಂಭಿಸಿದ ‘ಬಲಗ್ತಾಸಾನ್’ ಪದ್ಯವಾಗ್ವಾದಕ್ಕೆ (ಅದರ ಮೊದಲ ಮಲ್ಲರಲ್ಲಿ ಒಬ್ಬರು ‘ಬಾಯಾನ್ ಕೊ’ ಕವಿಯೇ) ಇಂದಿನ ವಾರಸುದಾರರು ಫ್ಲಿಪ್‌ಟಾಪ್ ಎಂಬ ವಾಗ್ವಾದ ವೇದಿಕೆಯ ರ‍್ಯಾಪ್ ಹುಡುಗರು. ದವಾವೊ ನಗರದ ಓಣಿಗಳಿಂದ ಎದ್ದ ‘ಬುದೊತ್ಸ್’ ಎಂಬ ಕುಣಿತದ ಸಂಗೀತವನ್ನು ರಾಜಕಾರಣಿಗಳೂ ಚುನಾವಣೆಗೆ ಎಳೆದುತಂದಿದ್ದಾರೆ. ಕೊರಿಯಾದ ತರಬೇತಿ ಪದ್ಧತಿಯಲ್ಲಿ ಪಳಗಿದ ಎಸ್‌ಬಿ19 ಎಂಬ ಐವರು ತರುಣರ ತಂಡ, ಎಂಟು ಯುವತಿಯರ ‘ಬಿನಿ’ ತಂಡ ಇವತ್ತಿನ ತಾರೆಯರು. ಮತ್ತೆ ಅದೇ ರೀತಿ. ಅಚ್ಚು ಸಿಯೋಲ್‌ನದು, ನುಡಿ ತಗಾಲೋಗ್.

ಜಾಗಟೆಗಳ ಸಂಗೀತಕ್ಕೆ ಇಷ್ಟು ಸುಖದ ಸ್ಥಿತಿಯಿಲ್ಲ. ಅದನ್ನು ಉಳಿಸಲು ದುಡಿದವರಲ್ಲಿ ಅಗ್ರಗಣ್ಯರು ಹೊಸೆ ಮಸೇದಾ (1917–2004). ಐವತ್ತರ ದಶಕದಿಂದ ಹಳ್ಳಿಹಳ್ಳಿ ಸುತ್ತಿ ಅವರು ಮುದ್ರಿಸಿಕೊಂಡ ಧ್ವನಿಸಂಗ್ರಹ ಯುನೆಸ್ಕೊದ ‘ವಿಶ್ವಸ್ಮೃತಿ’ ಪಟ್ಟಿಯಲ್ಲಿದೆ. 1974ರ ಜನವರಿ 1ರಂದು ಅವರು ನಡೆಸಿದ ‘ಉಗ್ನಾಯಾನ್’ ಪ್ರಯೋಗ ಬೆರಗು ಹುಟ್ಟಿಸುವಂಥದು: ಗ್ರಾಮೀಣ ವಾದ್ಯಗಳ ಇಪ್ಪತ್ತು ಪ್ರತ್ಯೇಕ ಧ್ವನಿಸುರುಳಿಗಳನ್ನು ಮನಿಲಾದ ಇಪ್ಪತ್ತು ರೇಡಿಯೋ ಕೇಂದ್ರಗಳು ಏಕಕಾಲಕ್ಕೆ ಬಿತ್ತರಿಸಿದವು, ಜನ ಟ್ರಾನ್ಸಿಸ್ಟರು ಹಿಡಿದು ಬಯಲಿಗೆ ಬಂದು ಬೇರೆಬೇರೆ ಕೇಂದ್ರ ಹಚ್ಚಿದಾಗ ನಗರವೇ ವಾದ್ಯವಾಗಬೇಕೆಂಬುದು ಆಶಯ. ಇಪ್ಪತ್ತು ಕೇಂದ್ರಗಳೂ ಒಟ್ಟಿಗೆ ಒಪ್ಪಿದ್ದು ಸೇನಾಶಾಸನದ ಕಾಲದಲ್ಲಿ, ಅಧ್ಯಕ್ಷರ ಪತ್ನಿ ಇಮೆಲ್ಡಾ ಮಾರ್ಕೋಸ್ ಅವರ ಕೃಪಾಶ್ರಯದಿಂದ ಎಂಬುದನ್ನು ಮರೆಯುವಂತಿಲ್ಲ.

1992ರ ಕಾನೂನಿನಡಿ ಸರ್ಕಾರ ಪಾರಂಪರಿಕ ಕಲಾವಿದರಿಗೆ ‘ಜೀವಂತ ನಿಧಿ’ ಎಂಬ ಗೌರವ ನೀಡುತ್ತಿದೆ. ಗೌರವ ಪಡೆದವರು ತಮ್ಮ ವಿದ್ಯೆಯನ್ನು ಮುಂದಿನವರಿಗೆ ಕಲಿಸಬೇಕು. 1993ರ ಮೊದಲ ಮೂವರಲ್ಲಿ ಒಬ್ಬರಾದ ಸಮಾಒನ್ ಸುಲೈಮಾನ್ ಎರಡು ತಂತಿಯ ದೋಣಿಯಾಕಾರದ ಕುತ್ಯಾಪಿ ವಾದ್ಯದ ಮಹಾವಿದ್ವಾಂಸರು. ಪ್ರಶಸ್ತಿ ಅವರ ಹೆಸರನ್ನು ದೇಶಕ್ಕೆ ಪರಿಚಯಿಸಿತು. ಆದರೆ ಕುತ್ಯಾಪಿ ಕೇಳುತ್ತ ಸಂಜೆ ಕಳೆಯುವ ಮನೆಗಳನ್ನು ಯಾವ ಕಾನೂನೂ ಮರಳಿ ಕಟ್ಟಲಾರದು.

ಕುಲಿಂತಾಂಗ್‌ನ ಭಾಗ್ಯ ಸ್ವಲ್ಪ ಮೇಲು. ಮಾಗಿಂದನಾವೊ ವಿದುಷಿ ಅಗಾ ಮಾಯೊ ಬುತೊಕಾನ್ 1968ರಿಂದ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. ಅವರು ಕಿವಿಯಿಂದ ಕಲಿತ ವಿದ್ಯೆಯನ್ನು ನಗರದ ವಿದ್ಯಾರ್ಥಿಗಳಿಗಾಗಿ ಜಾಗಟೆಗಳಿಗೆ ಅಂಕಿ ಕೊಟ್ಟು ಬರೆದಿಟ್ಟರು. ಇನ್ನೊಬ್ಬ ಮಾಗಿಂದನಾವೊ ಗುರು ದನೊಂಗಾನ್ ಕಲಾಂದುಯಾನ್ 1976ರಲ್ಲಿ ಅಮೆರಿಕಕ್ಕೆ ಹೋಗಿ ನಾಲ್ಕು ದಶಕ ಅಲ್ಲಿಯೇ ಕಲಿಸಿದರು. ಇಂದು ಕ್ಯಾಲಿಫೋರ್ನಿಯಾದಲ್ಲಿ ಕುಲಿಂತಾಂಗ್ ಮುಂದೆ ಕೂರುವ ಯುವಕ-ಯುವತಿಯರಲ್ಲಿ ಅನೇಕರು ಉತ್ತರದ ಕ್ರೈಸ್ತ ಕುಟುಂಬಗಳ ಕುಡಿಗಳು; ಮಿಂದನಾವೊ ಮಣ್ಣು ತುಳಿಯದವರು, ಅವರ ಅಜ್ಜ-ಅಜ್ಜಿಯರು ಊರಿನಲ್ಲಿ ಈ ನಾದವನ್ನು ಪ್ರಾಯಶಃ ಕೇಳಿಯೇ ಇರಲಿಲ್ಲ. ಸ್ಪೇನ್ ಮುಟ್ಟದ ಸ್ವರ ತಮಗೆ ಬೇಕೆಂಬ ಹಂಬಲ ಅವರದು. ದಕ್ಷಿಣದ ಮನೆತನಗಳ ಸೊತ್ತು ಹೀಗೆ ಇಡೀ ರಾಷ್ಟ್ರದ ಲಾಂಛನವಾಗುವುದು ನ್ಯಾಯವೇ ಎಂಬ ಚರ್ಚೆ ಅವರ ನಡುವೆಯೇ ಜೋರಾಗಿದೆ. ವಾರದ ತರಗತಿಗಳೂ ನಡೆದಿವೆ.